ಮೀನು ಸತ್ತರೆ ಮನೆಯ ಕಂಟಕ ಕಳೆಯುತ್ತದೆಯೇ? ಫ್ಲವರ್‌ಹಾರ್ನ್, ಆಸ್ಕರ್, ಏಂಜೆಲ್ ಮೀನುಗಳ ಸಾವು ಮತ್ತು ಜಗಳದ ನಿಜವಾದ ಕಾರಣ

ಗೃಹಪ್ರವೇಶದ ಉಡುಗೊರೆಯಾಗಿಯೋ, ಮಕ್ಕಳ ಹಟಕ್ಕೋ, ವಾಸ್ತು ಹೇಳಿದವರ ಮಾತಿಗೋ ಮನೆಗೆ ಒಂದು ಗಾಜಿನ ತೊಟ್ಟಿ ಬರುತ್ತದೆ. ಅದರಲ್ಲಿ ಹಣೆ ಉಬ್ಬಿದ ಒಂದು ಫ್ಲವರ್‌ಹಾರ್ನ್, ಇಲ್ಲವೇ ಎರಡು ಆಸ್ಕರ್, ನಾಲ್ಕು ಏಂಜೆಲ್. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಆಗ ಫ್ಯಾಮಿಲಿ ಗ್ರೂಪಿನಲ್ಲಿ ಯಾರಾದರೊಬ್ಬರು ಹಾಕುವ ಸಂದೇಶ ಹೆಚ್ಚುಕಡಿಮೆ ಹೀಗಿರುತ್ತದೆ: ಬೇಸರ ಮಾಡಿಕೊಳ್ಳಬೇಡಿ, ಮನೆಗೆ ಬರಬೇಕಿದ್ದ ಕಂಟಕವನ್ನು ಮೀನು ತನ್ನ ಮೇಲೆ ತೆಗೆದುಕೊಂಡು ಹೋಗಿದೆ, ತಡ ಮಾಡದೆ ಇನ್ನೊಂದು ಮೀನು ತಂದು ಬಿಡಿ.

ಅದೃಷ್ಟವನ್ನು ಅಳೆಯುವ ಸಾಧನ ನಮ್ಮ ಬಳಿ ಇಲ್ಲ. ಯಾರ ನಂಬಿಕೆಯನ್ನೂ ಕೆಣಕುವ ಉದ್ದೇಶವೂ ನಮಗಿಲ್ಲ. ಆದರೆ ಆ ಸಂದೇಶದ ಕೊನೆಯ ಮಾತು, ಅಂದರೆ ತಡಮಾಡದೆ ಇನ್ನೊಂದು ಮೀನು ತಂದು ಬಿಡಿ ಎನ್ನುವುದು, ಎರಡನೆಯ ಮೀನನ್ನೂ ಕೊಲ್ಲುವ ಸಲಹೆ. ಮೀನು ಏಕೆ ಸತ್ತಿತು ಎಂಬುದನ್ನು ಬಹಳಷ್ಟು ಸಂದರ್ಭಗಳಲ್ಲಿ ಪತ್ತೆ ಮಾಡಬಹುದು. ಒಂದೋ ನೀರಿನಲ್ಲಿ ವಿಷ ಸೇರಿರುತ್ತದೆ, ಇಲ್ಲವೇ ಜೊತೆಯ ಮೀನು ಅದನ್ನು ಹಿಂಸಿಸಿರುತ್ತದೆ. ಎರಡಕ್ಕೂ ಪರಿಹಾರ ಇದೆ.

ಇವೆಲ್ಲ ಒಂದೇ ಮನೆತನದ ಮೀನುಗಳು

ಫ್ಲವರ್‌ಹಾರ್ನ್, ಆಸ್ಕರ್, ಏಂಜೆಲ್, ಡಿಸ್ಕಸ್, ಪ್ಯಾರಟ್, ಕಾನ್ವಿಕ್ಟ್, ಅಂಗಡಿಯಲ್ಲಿ ‘ಮಲಾವಿ’ ಎಂದು ಮಾರುವ ಹಳದಿ ನೀಲಿ ಮೀನುಗಳು, ಕೆರೆಯಲ್ಲಿ ಸಿಗುವ ತಿಲಾಪಿಯ ಅಥವಾ ಜಿಲೇಬಿ ಮೀನು, ಕೇರಳದ ಊಟದ ಎಲೆಯ ಮೇಲಿನ ಕರಿಮೀನು – ಇವೆಲ್ಲ ಸಿಕ್ಲಿಡ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ವಿಜ್ಞಾನಿಗಳು ಹೆಸರಿಟ್ಟಿರುವ ಸಿಕ್ಲಿಡ್ ಪ್ರಭೇದಗಳೇ 1,700ಕ್ಕಿಂತ ಹೆಚ್ಚು. ಆಫ್ರಿಕಾದ ಮಲಾವಿ, ಟಾಂಗನೀಕ, ವಿಕ್ಟೋರಿಯ ಸರೋವರಗಳು ಮತ್ತು ದಕ್ಷಿಣ ಹಾಗೂ ಮಧ್ಯ ಅಮೆರಿಕದ ನದಿಗಳು ಇವುಗಳ ದೊಡ್ಡ ತವರುಗಳು. ಮಡಗಾಸ್ಕರ್, ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲೂ ಕೆಲವು ಇವೆ.

ಫ್ಲವರ್‌ಹಾರ್ನ್ ಯಾವ ನದಿಯಲ್ಲೂ ಹುಟ್ಟಿದ ಮೀನಲ್ಲ. ಮಧ್ಯ ಅಮೆರಿಕದ ಹಲವು ಸಿಕ್ಲಿಡ್‌ಗಳನ್ನು ಬೆರೆಸಿ 1990ರ ದಶಕದಲ್ಲಿ ಮಲೇಷ್ಯಾದ ಸಾಕಣೆದಾರರು ರೂಪಿಸಿದ ಮಿಶ್ರತಳಿ ಅದು. ಚೀನೀ ಫೆಂಗ್‌ಶುಯಿ ನಂಬಿಕೆ ಸೇರಿಕೊಂಡು ಅದರ ಬೆಲೆ ಏರಿತು. ಅಂದರೆ ನಮ್ಮಲ್ಲಿ ‘ಪ್ರಾಚೀನ ವಾಸ್ತು ರಹಸ್ಯ’ ಎಂದು ಓಡಾಡುವ ಈ ಮೀನಿನ ವಯಸ್ಸು ನಿಮ್ಮ ಮನೆಯ ಹಳೆಯ ಕಲರ್ ಟಿವಿಗಿಂತ ಹೆಚ್ಚೇನಲ್ಲ. ಹಣೆಯ ಉಬ್ಬಿನಲ್ಲಿ ಇರುವುದು ಕೊಬ್ಬು ಮತ್ತು ನೀರಿನಂಶ, ಮಿದುಳಲ್ಲ.

ಸಿಕ್ಲಿಡ್‌ಗಳನ್ನು ಬೇರೆ ಅಲಂಕಾರಿಕ ಮೀನುಗಳಿಂದ ಬೇರೆ ಮಾಡುವ ಗುಣ ಒಂದಿದೆ. ಹೆಚ್ಚಿನ ಮೀನುಗಳು ಮೊಟ್ಟೆ ಚೆಲ್ಲಿ ತಮ್ಮ ಪಾಡಿಗೆ ತಾವು ಹೋಗುತ್ತವೆ. ಸಿಕ್ಲಿಡ್‌ಗಳು ಮೊಟ್ಟೆ ಕಾಯುತ್ತವೆ, ಮರಿ ಸಾಕುತ್ತವೆ. ಕಾಯಬೇಕು ಎಂದಾದ ಮೇಲೆ ಜಾಗ ಬೇಕು, ಜಾಗ ಬೇಕು ಎಂದಾದ ಮೇಲೆ ಜಗಳ ತಪ್ಪಿದ್ದಲ್ಲ. ಈ ಮೀನುಗಳ ಸಿಟ್ಟು ಮತ್ತು ಮಮತೆ ಎರಡಕ್ಕೂ ಬೇರು ಒಂದೇ.

ಮೊದಲು ನೀರಿನ ವಿಷಯ: ಮೂರನೇ ವಾರದ ಸಾವು

ಮೀನಿನ ಕಿವಿರಿನಿಂದ ಮತ್ತು ಮಲದಿಂದ ಅಮೋನಿಯ ನೀರಿಗೆ ಸೇರುತ್ತಲೇ ಇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯ. ಅದು ಮೀನಿಗೆ ವಿಷ. ಹಳೆಯ ತೊಟ್ಟಿಗಳಲ್ಲಿ ಫಿಲ್ಟರಿನ ಸ್ಪಂಜು, ಕಲ್ಲು, ಮರಳಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮೀನುಗಳು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ, ವಾರಕ್ಕೊಮ್ಮೆ ನೀರು ಬದಲಿಸಿದರೆ ಅದು ಹಿಡಿತದಲ್ಲಿರುತ್ತದೆ.

ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ಇರುವುದಿಲ್ಲ. ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇವತ್ತು ತೊಟ್ಟಿ, ನಾಳೆ ಮೀನು ಎಂದು ತಂದ ಮನೆಗಳಲ್ಲಿ ಎರಡನೆಯ ಮೂರನೆಯ ವಾರವೇ ವಿಷ ಏರಿರುವ ಕಾಲ. ನೀರು ಕನ್ನಡಿಯಂತೆ ತಿಳಿಯಾಗಿ ಕಾಣುತ್ತಿರುತ್ತದೆ, ಮೀನು ಮಾತ್ರ ಮೇಲೆ ಬಂದು ಬಾಯಿ ಬಿಡುತ್ತದೆ. ‘ಏನೂ ಕಾರಣವಿಲ್ಲದೆ ಸತ್ತಿತು’ ಎನ್ನುವ ಮಾತು ಹುಟ್ಟುವುದು ಇಲ್ಲಿಯೇ. ಕಂಟಕದ ಕಥೆ ನಿಜವೆನಿಸುವುದೂ ಇದರಿಂದಲೇ, ಯಾಕೆಂದರೆ ಹೊಸ ತೊಟ್ಟಿ ತಂದ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸಾವು ಕಾಣಿಸಿಕೊಳ್ಳುತ್ತದೆ.

ಅಮೋನಿಯ, ನೈಟ್ರೈಟ್ ಅಳೆಯುವ ಹನಿ ಹಾಕುವ ಟೆಸ್ಟ್ ಕಿಟ್‌ಗಳು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತವೆ. ಎರಡೂ ಸೊನ್ನೆ ಬರಬೇಕು. ಬರುವವರೆಗೆ ಹೊಸ ಮೀನು ತರಬಾರದು. ಬೇಗ ದಾರಿ ಕಾಣಬೇಕೆಂದರೆ, ಆರೋಗ್ಯವಾಗಿರುವ ಹಳೆಯ ತೊಟ್ಟಿ ಇರುವ ಪರಿಚಿತರಿಂದ ಬಳಸಿದ ಸ್ಪಂಜಿನ ಒಂದು ತುಂಡು ತಂದು ನಿಮ್ಮ ಫಿಲ್ಟರಿನಲ್ಲಿ ಇಡಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಇನ್ನೊಂದು ಅಭ್ಯಾಸ ಮನೆಮನೆಯಲ್ಲೂ ಕಾಣುತ್ತದೆ. ಭಾನುವಾರ ಬಂತೆಂದರೆ ನೀರನ್ನೆಲ್ಲ ಚೆಲ್ಲಿ, ಕಲ್ಲು, ಮರಳು, ಫಿಲ್ಟರನ್ನು ನಲ್ಲಿಯ ಕೆಳಗಿಟ್ಟು ತಿಕ್ಕಿ ತೊಳೆಯುವುದು. ನೋಡಲು ಶುಚಿ, ಆದರೆ ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿ ಮತ್ತೆ ಹೊಸ ತೊಟ್ಟಿಯಾಗುತ್ತದೆ. ಸೋಪು ಹಾಕಿದರಂತೂ ಮುಗಿಯಿತು. ಸರಿಯಾದ ಕ್ರಮ: ವಾರಕ್ಕೊಮ್ಮೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ನೀರನ್ನು ಪೈಪಿನಿಂದ ತೆಗೆದು, ಆ ತೆಗೆದ ನೀರಿನಲ್ಲೇ ಸ್ಪಂಜನ್ನು ಹಿಂಡಿ, ಕ್ಲೋರಿನ್ ತೆಗೆಯುವ ಹನಿ ಹಾಕಿದ ಹೊಸ ನೀರು ತುಂಬುವುದು. ಕೈ ಹಾಕುವ ಮೊದಲು ಹೀಟರ್, ಮೋಟಾರಿನ ಪ್ಲಗ್ ತೆಗೆಯಿರಿ. ಉರಿಯುತ್ತಿರುವ ಹೀಟರ್ ನೀರಿನಿಂದ ಹೊರಗಾದರೆ ಒಡೆಯುತ್ತದೆ, ಶಾಕ್ ಹೊಡೆಯುವ ಅಪಾಯವೂ ಇದೆ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ. ಮೀನಿನ ತೊಟ್ಟಿಯ ನೀರಿನಿಂದ ಬರುವ ಒಂದು ಬಗೆಯ ಚರ್ಮದ ಸೋಂಕು ಗುಣವಾಗಲು ತಿಂಗಳುಗಟ್ಟಲೆ ಔಷಧ ಬೇಕಾಗುತ್ತದೆ.

ಈಗ ಜಗಳ: ಹೊಡೆತಕ್ಕಿಂತ ಓಡಲು ಜಾಗವಿಲ್ಲದ್ದು ಕೊಲ್ಲುತ್ತದೆ

‘ಹಸಿವಿನಿಂದ ಕಚ್ಚಾಡುತ್ತವೆ, ಇನ್ನೊಂದು ಹಿಡಿ ಆಹಾರ ಹಾಕಿ’ ಎಂಬ ಸಲಹೆ ಬಹಳ ಕೇಳಿಬರುತ್ತದೆ. ಆಹಾರಕ್ಕಾಗಿ ಜಗಳ ಇದ್ದೇ ಇದೆ. ಆದರೆ ಸಿಕ್ಲಿಡ್‌ಗಳು ಮುಖ್ಯವಾಗಿ ಕಾದಾಡುವುದು ಜಾಗಕ್ಕೆ, ಜೊತೆಗಾತಿಗೆ ಮತ್ತು ಯಾರು ಮೇಲು ಎಂಬ ಲೆಕ್ಕಕ್ಕೆ. ಹೊಟ್ಟೆ ತುಂಬಿದ ಮೀನಿಗೂ ಈ ಮೂರೂ ಬೇಕು. ಹೆಚ್ಚು ಆಹಾರ ಹಾಕಿದರೆ ಆಗುವ ಲಾಭ ಅಮೋನಿಯ ಏರುವುದೊಂದೇ.

ನದಿಯಲ್ಲಿ ಅಥವಾ ಸರೋವರದಲ್ಲಿ ಇಂಥ ಜಗಳ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಮೊದಲು ಎರಡೂ ರೆಕ್ಕೆ ಬಿಚ್ಚಿ ಪಕ್ಕಕ್ಕೆ ಪಕ್ಕ ನಿಂತು ಗಾತ್ರ ತೋರಿಸುತ್ತವೆ, ಬಾಲದಿಂದ ನೀರು ಬೀಸುತ್ತವೆ, ಬಾಯಿಗೆ ಬಾಯಿ ಕಚ್ಚಿ ಎಳೆದಾಡುತ್ತವೆ. ಒಂದು ಸೋಲುತ್ತದೆ, ಓಡಿಹೋಗುತ್ತದೆ. ಗೆದ್ದ ಮೀನು ತನ್ನ ಗಡಿಯವರೆಗೆ ಅಟ್ಟಿ ವಾಪಸಾಗುತ್ತದೆ. ಎರಡಡಿ ಉದ್ದದ ತೊಟ್ಟಿಯಲ್ಲಿ ಆ ಗಡಿ ಎಲ್ಲಿದೆ? ಇಡೀ ತೊಟ್ಟಿಯೇ ಗೆದ್ದ ಮೀನಿನ ಜಾಗ. ಸೋತದ್ದು ಎಲ್ಲಿ ನಿಂತರೂ ಗೆದ್ದದ್ದರ ಕಣ್ಣಿಗೆ ಅದು ಇನ್ನೂ ಓಡಿಹೋಗದ ಶತ್ರು. ಹಾಗಾಗಿ ಹೊಡೆತ ನಿಲ್ಲುವುದೇ ಇಲ್ಲ.

ಸೋತ ಮೀನನ್ನು ಗುರುತಿಸುವುದು ಸುಲಭ. ಮೇಲಿನ ಮೂಲೆಯಲ್ಲಿ, ಹೀಟರಿನ ಹಿಂದೆ ಅಥವಾ ಫಿಲ್ಟರ್ ಪೈಪಿನ ಪಕ್ಕ ಅಲುಗದೆ ನಿಂತಿರುತ್ತದೆ. ಬಣ್ಣ ಮಂಕಾಗಿರುತ್ತದೆ, ರೆಕ್ಕೆ ಮುಚ್ಚಿಕೊಂಡಿರುತ್ತದೆ, ಬಾಲ ಹರಿದಿರುತ್ತದೆ, ಊಟಕ್ಕೆ ಬರುವುದಿಲ್ಲ. ನಿರಂತರ ಒತ್ತಡದಿಂದ ಅದರ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಗಾಯಕ್ಕೆ ಶಿಲೀಂಧ್ರ ಹಿಡಿಯುತ್ತದೆ. ಹತ್ತಿಯಂಥ ಬಿಳಿ ಪದರ ಕಂಡಾಗ ಮನೆಯವರು ಔಷಧ ಹುಡುಕುತ್ತಾರೆ. ರೋಗದ ಮೂಲ ಪಕ್ಕದಲ್ಲೇ ರೆಕ್ಕೆ ಅರಳಿಸಿಕೊಂಡು ಈಜುತ್ತಿರುತ್ತದೆ.

ಈ ಮೀನುಗಳು ಮೊದ್ದುಗಳಲ್ಲ ಎಂಬುದಕ್ಕೆ ಒಂದು ಪ್ರಯೋಗ ಹೇಳಬೇಕು. ಟಾಂಗನೀಕ ಸರೋವರದ ಬರ್ಟೋನಿ ಎಂಬ ಸಿಕ್ಲಿಡ್‌ನಲ್ಲಿ ಯಜಮಾನ ಗಂಡಿಗೆ ಗಾಢ ಬಣ್ಣ ಮತ್ತು ಕಣ್ಣಿನಿಂದ ಇಳಿಯುವ ಕಪ್ಪು ಪಟ್ಟೆ. ಅಧೀನ ಗಂಡುಗಳು ಹೆಣ್ಣಿನಂತೆ ಮಂಕು. ಯಜಮಾನನನ್ನು ತೊಟ್ಟಿಯಿಂದ ತೆಗೆದರೆ ಮುಂದಿನ ಗಂಡು ನಿಮಿಷಗಳಲ್ಲೇ ಬಣ್ಣ ಬದಲಿಸಿಕೊಳ್ಳುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಸೆಲ್ ಫರ್ನಾಲ್ಡ್ ಮತ್ತು ಸಂಗಡಿಗರು 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮೀನಿಗೆ ಐದು ಗಂಡುಗಳ ಜಗಳವನ್ನು ಹೊರಗಿನಿಂದ ತೋರಿಸಲಾಯಿತು. ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ನಾಲ್ಕನೆಯದನ್ನು, ನಾಲ್ಕನೆಯದು ಐದನೆಯದನ್ನು ಸೋಲಿಸುವಂತೆ ಏರ್ಪಾಟು. ಎರಡನೆಯ ಮತ್ತು ನಾಲ್ಕನೆಯ ಮೀನು ಪರಸ್ಪರ ಕಾದಾಡಿದ್ದನ್ನು ಅದು ನೋಡಿಯೇ ಇರಲಿಲ್ಲ. ಆದರೂ ಆ ಎರಡನ್ನು ಎದುರಿಗಿಟ್ಟಾಗ ದುರ್ಬಲವಾದ ನಾಲ್ಕನೆಯದರ ಕಡೆಗೇ ಹೋಯಿತು. ಅಂದರೆ ತೊಟ್ಟಿಯಲ್ಲಿ ಯಾರು ಯಾರಿಗೆ ಸೋತರು ಎಂಬುದನ್ನು ಉಳಿದ ಮೀನುಗಳು ನೋಡಿ ಲೆಕ್ಕ ಹಾಕುತ್ತವೆ. ಒಮ್ಮೆ ಸೋತ ಮೀನಿಗೆ ಎಲ್ಲರೂ ಹೊಡೆಯತೊಡಗುವುದನ್ನು ಸಾಕುವವರು ಗಮನಿಸಿಯೇ ಇರುತ್ತಾರೆ.

ಎರಡು ಮೀನು ಏಕೆ ಕೆಟ್ಟ ಸಂಖ್ಯೆ?

ಅಂಗಡಿಯಲ್ಲಿ ‘ಒಂದು ಜೋಡಿ ಕೊಡಿ’ ಎಂದು ಕೇಳುವುದು ನಮ್ಮ ಅಭ್ಯಾಸ. ಒಂಟಿ ಇರಬಾರದು ಎಂಬ ಕನಿಕರ. ಆದರೆ ಅಲ್ಲಿಯ ಹುಡುಗ ಬಲೆಯಲ್ಲಿ ಎತ್ತಿಕೊಡುವ ಎರಡು ಮೀನು ಜೋಡಿಯಲ್ಲ, ಬರೀ ಎರಡು ಮೀನು. ಅವು ಎರಡು ಗಂಡಾಗಿರಬಹುದು, ಎರಡು ಹೆಣ್ಣಾಗಿರಬಹುದು. ಗಂಡು ಹೆಣ್ಣೇ ಆದರೂ ಒಂದಕ್ಕೊಂದು ಒಪ್ಪದೇ ಇರಬಹುದು. ಎರಡೇ ಇದ್ದಾಗ ಬಲಿಷ್ಠ ಮೀನಿನ ಸಿಟ್ಟೆಲ್ಲ ಒಂದೇ ಮೀನಿನ ಮೇಲೆ ಬೀಳುತ್ತದೆ.

ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕೊನ್ರಾಡ್ ಲೊರೆನ್ಸ್, ಆಕ್ರಮಣಶೀಲತೆಯ ಬಗ್ಗೆ 1963ರಲ್ಲಿ ಬರೆದ ಪುಸ್ತಕದಲ್ಲಿ ಸಿಕ್ಲಿಡ್ ಜೋಡಿಗಳ ವಿಚಿತ್ರವೊಂದನ್ನು ವಿವರಿಸುತ್ತಾರೆ. ಗಾಜಿನ ತಡೆಯ ಆಚೆ ಇನ್ನೊಂದು ಜೋಡಿ ಕಾಣುತ್ತಿರುವವರೆಗೆ ಗಂಡು ತನ್ನ ಸಿಟ್ಟನ್ನು ನೆರೆಯವನ ಮೇಲೆ ತೀರಿಸಿಕೊಳ್ಳುತ್ತದೆ. ಗಾಜಿಗೆ ಪಾಚಿ ಕಟ್ಟಿ ನೆರೆಯವ ಮರೆಯಾದ ಹಾಗೆಲ್ಲ ತನ್ನ ಹೆಣ್ಣಿನ ಮೇಲೆಯೇ ಎರಗತೊಡಗುತ್ತದೆ. ಸಿಟ್ಟು ಒಳಗೆ ತುಂಬುತ್ತ ಹೋಗಿ ಉಕ್ಕುತ್ತದೆ ಎಂಬ ಲೊರೆನ್ಸ್ ಅವರ ವಿವರಣೆಯನ್ನು ಮುಂದಿನ ವಿಜ್ಞಾನಿಗಳು ಹಾಗೆಯೇ ಒಪ್ಪಲಿಲ್ಲ. ಆದರೆ ಸಾಕುವವರಿಗೆ ಈ ಗಮನಿಕೆ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಇದರಿಂದ ಬರುವ ನಿಯಮ ಸರಳ: ಒಂದು ಇಡಿ, ಇಲ್ಲವೇ ಹಲವು ಇಡಿ. ಫ್ಲವರ್‌ಹಾರ್ನ್ ಒಂಟಿಯಾಗಿಯೇ ಇರಲಿ, ಅದು ನಿಮ್ಮ ಕನಿಕರ ಬೇಡುವುದಿಲ್ಲ. ಮಲಾವಿಯ ಬಂಡೆವಾಸಿ ಮೀನುಗಳನ್ನು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ, ಅಂದರೆ ಸುಮಾರು 250 ಲೀಟರ್ ನೀರಿನಲ್ಲಿ, ಹನ್ನೆರಡು ಹದಿನೈದರ ಗುಂಪಾಗಿ ಇಡುವುದು ರೂಢಿ. ಹೊಡೆತ ಹಲವರಿಗೆ ಹಂಚಿಹೋಗುತ್ತದೆ, ಯಾರೂ ಒಬ್ಬರೇ ಬಲಿಯಾಗುವುದಿಲ್ಲ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಬೇಕು. ಒಂದೇ ಬಣ್ಣ, ಒಂದೇ ಪಟ್ಟೆಯ ಎರಡು ಬೇರೆ ಬೇರೆ ಪ್ರಭೇದಗಳನ್ನು ಒಟ್ಟಿಗೆ ಇಡಬಾರದು, ಗಂಡು ಎದುರಿನ ಬಣ್ಣ ನೋಡಿಯೇ ಎದುರಾಳಿ ಎಂದು ತೀರ್ಮಾನಿಸುತ್ತದೆ. ಇಷ್ಟು ಮೀನು ಇಡಬೇಕೆಂದರೆ ಫಿಲ್ಟರ್ ದೊಡ್ಡದಿರಬೇಕು, ವಾರದ ನೀರಿನ ಬದಲಾವಣೆ ತಪ್ಪಬಾರದು. ಇವೆರಡೂ ಆಗದ ಮನೆಗೆ ಈ ವಿಧಾನ ಬೇಡ.

ಜಗಳ ತಗ್ಗಿಸಲು ತೊಟ್ಟಿಯೊಳಗೆ ಏನು ಮಾಡಬೇಕು?

ಎತ್ತರದ ತೊಟ್ಟಿ ಹಾಲಿನಲ್ಲಿ ಚೆಂದ ಕಾಣುತ್ತದೆ. ಆದರೆ ಹೆಚ್ಚಿನ ಸಿಕ್ಲಿಡ್‌ಗಳು ಹಂಚಿಕೊಳ್ಳುವುದು ತಳದ ಜಾಗವನ್ನು. ಸೈಟಿನ ಅಳತೆಯಂತೆ ಉದ್ದ ಅಗಲ ನೋಡಿ, ಎತ್ತರವನ್ನಲ್ಲ. ಏಂಜೆಲ್ ಮತ್ತು ಡಿಸ್ಕಸ್ ಮಾತ್ರ ಇದಕ್ಕೆ ಹೊರತು. ಅವುಗಳ ಮೈ ಎತ್ತರ, ನೀರೂ ಆಳ ಬೇಕು.

ನಂತರ ಕಣ್ಣಿನ ಮರೆ. ಒಂದು ತುದಿಯಲ್ಲಿ ನಿಂತ ಮೀನಿಗೆ ಇನ್ನೊಂದು ತುದಿ ನೇರವಾಗಿ ಕಾಣಬಾರದು. ಕಲ್ಲಿನ ರಾಶಿ, ಅಡ್ಡ ಮಲಗಿಸಿದ ಮಣ್ಣಿನ ಹೂಕುಂಡ, ಮರದ ಬೇರು ಯಾವುದಾದರೂ ಆದೀತು. ಪ್ರತಿ ಅಡಗುತಾಣಕ್ಕೂ ಎರಡು ಬಾಗಿಲು ಇರಲಿ. ಒಂದೇ ಬಾಗಿಲಿನ ಗುಹೆ ಅಡಗುವ ಜಾಗವಲ್ಲ, ಸಿಕ್ಕಿಬೀಳುವ ಜಾಗ. ಕಲ್ಲನ್ನು ಮೊದಲು ತಳದ ಮೇಲೆ ಭದ್ರವಾಗಿ ಕೂರಿಸಿ ಆಮೇಲೆ ಮರಳು ಹಾಕಿ. ಈ ಮೀನುಗಳು ಮರಳು ತೋಡುತ್ತವೆ, ಮರಳಿನ ಮೇಲೆ ಇಟ್ಟ ಕಲ್ಲು ಜಾರಿ ಗಾಜು ಒಡೆದೀತು. ಸುಣ್ಣದ ಅಂಶದ ಕಲ್ಲು ನೀರನ್ನು ಗಡಸು ಮಾಡುತ್ತದೆ. ಮಲಾವಿ ಮೀನಿಗೆ ಅದು ಒಳ್ಳೆಯದು, ಅವುಗಳ ಸರೋವರದ ಪಿಎಚ್ ಸುಮಾರು 8ರ ಆಚೀಚೆ. ಡಿಸ್ಕಸ್‌ಗೆ ಮಾತ್ರ ಬೇಡ, ಅದು ಅಮೆಜಾನಿನ ಮೆದು ನೀರಿನ ಮೀನು. ಬೆಂಗಳೂರಿನ ಬೋರ್‌ವೆಲ್ ನೀರನ್ನು ಬಯ್ಯುತ್ತಲೇ ಇರುವವರಿಗೆ ಇದೊಂದು ಸಮಾಧಾನ: ಬಕೆಟ್ಟಿಗೆ ಬಿಳಿ ಕಲೆ ಕಟ್ಟುವ ಆ ಗಡಸು ನೀರು ಮಲಾವಿ ಮೀನುಗಳಿಗೆ ಹೊಂದುತ್ತದೆ.

ಹೊಸ ಮೀನು ಬಿಡುವ ದಿನವೇ ಹೆಚ್ಚಿನ ಅನಾಹುತ. ಹಳೆಯ ಮೀನಿಗೆ ಪ್ರತಿ ಕಲ್ಲೂ ಸ್ವಂತದ್ದು. ಆದ್ದರಿಂದ ಮೊದಲು ಕಲ್ಲುಗಳ ಜಾಗವನ್ನೆಲ್ಲ ಬದಲಿಸಿ. ಗಡಿಗಳೆಲ್ಲ ಅಳಿಸಿಹೋಗಿ ಹಳಬರೂ ಹೊಸಬರಾಗುತ್ತಾರೆ. ಹಳಬರಿಗೆ ಊಟ ಹಾಕಿ, ದೀಪ ಆರಿಸಿ, ಕತ್ತಲಲ್ಲಿ ಹೊಸ ಮೀನು ಬಿಡಿ. ಒಂದನ್ನೇ ಬಿಡುವ ಬದಲು ಮೂರು ನಾಲ್ಕನ್ನು ಒಟ್ಟಿಗೆ ಬಿಡಿ. ಜಗಳಗಂಟ ಜಾತಿಯನ್ನು ಎಲ್ಲಕ್ಕಿಂತ ಕೊನೆಗೆ ತನ್ನಿ.

ಇಷ್ಟಾದರೂ ಒಂದು ಮೀನು ಎಲ್ಲರನ್ನೂ ಅಟ್ಟುತ್ತಿದ್ದರೆ, ಹೊಡೆತ ತಿಂದದ್ದನ್ನಲ್ಲ, ಹೊಡೆದದ್ದನ್ನು ತೆಗೆದು ಬೇರೆ ಡಬ್ಬದಲ್ಲಿ ಕೆಲವು ದಿನ ಇಡಿ. ವಾಪಸು ಬರುವಾಗ ಅದೇ ಹೊಸಬ. ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಹಾಳೆಯಿಂದ ತೊಟ್ಟಿಯನ್ನು ಎರಡು ಭಾಗ ಮಾಡುವುದೂ ಉಂಟು. ಗಾಯಗೊಂಡ ಮೀನಿಗೆ ಶುದ್ಧ ನೀರು, ಕತ್ತಲು, ಒಂಟಿತನ ಇವು ಮೊದಲ ಔಷಧ. ಅಂಗಡಿಯ ನೀಲಿ ಹಳದಿ ದ್ರವಗಳ ಸರದಿ ಆಮೇಲೆ.

ಇನ್ನೂ ಕೆಲವು ಫಾರ್ವರ್ಡ್‌ಗಳು

‘ಮೀನು ತೊಟ್ಟಿಯ ಗಾತ್ರಕ್ಕೆ ತಕ್ಕಷ್ಟೇ ಬೆಳೆಯುತ್ತದೆ.’ ತಪ್ಪು. ಆಸ್ಕರ್ ಒಂದಡಿ ಬೆಳೆಯುವ ಮೀನು. ಸಣ್ಣ ತೊಟ್ಟಿಯಲ್ಲಿ ಅದು ಕುಬ್ಜವಾದರೆ ಕಾರಣ ಕೊಳೆತ ನೀರು ಮತ್ತು ಒತ್ತಡ. ಅದು ಹೊಂದಾಣಿಕೆಯಲ್ಲ, ಅನಾರೋಗ್ಯ. ಅಂಗಡಿಯಲ್ಲಿ ಎರಡಿಂಚಿನ ಮರಿ ನೋಡಿ ಮರುಳಾಗುವ ಮೊದಲು ಒಂದಡಿಯ ಸ್ಕೇಲನ್ನು ನಿಮ್ಮ ತೊಟ್ಟಿಯ ಪಕ್ಕ ಹಿಡಿದು ನೋಡಿ.

‘ದಿನವೂ ಕನ್ನಡಿ ತೋರಿಸಿದರೆ ಫ್ಲವರ್‌ಹಾರ್ನ್ ಹಣೆ ದೊಡ್ಡದಾಗುತ್ತದೆ.’ ಹಣೆಯ ಗಾತ್ರ ಮುಖ್ಯವಾಗಿ ತಳಿ, ಲಿಂಗ ಮತ್ತು ಪೋಷಣೆಯ ಮೇಲಿದೆ. ಕನ್ನಡಿಯಲ್ಲಿ ಮೀನು ಕಾಣುವುದು ಎದುರಾಳಿಯನ್ನು, ಅದೂ ಎಂದಿಗೂ ಸೋಲದ ಎದುರಾಳಿಯನ್ನು. ಬರ್ಟೋನಿ ಮೀನಿನ ಮೇಲೆ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನ್ನಡಿಯ ಜೊತೆ ಕಾದಾಡಿದ ಗಂಡುಗಳ ನಡವಳಿಕೆ ಮತ್ತು ಹಾರ್ಮೋನು ನಿಜವಾದ ಕಾದಾಟದಂತೆಯೇ ಇದ್ದವು. ಆದರೆ ನಮ್ಮ ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಭಾಗವಿದೆಯಲ್ಲ, ಅದಕ್ಕೆ ಸಮಾನವಾದ ಮೀನಿನ ಮಿದುಳಿನ ಭಾಗದಲ್ಲಿ ಚಟುವಟಿಕೆ ಕನ್ನಡಿಯ ಎದುರಿಗೇ ಹೆಚ್ಚಾಗಿತ್ತು. ದಿನವೂ ಮಾಡಿಸುವ ಆಟ ಅಲ್ಲ ಇದು.

‘ಜೀವಂತ ಗೋಲ್ಡ್‌ಫಿಶ್ ಹಾಕಿದರೆ ಬಣ್ಣ ಬರುತ್ತದೆ.’ ಬರುವುದು ರೋಗ. ಮೇವಿಗೆಂದು ಅಗ್ಗಕ್ಕೆ ಮಾರುವ ಮೀನುಗಳು ಪರಾವಲಂಬಿಗಳನ್ನು ಹೊತ್ತು ತರುತ್ತವೆ. ಗೋಲ್ಡ್‌ಫಿಶ್‌ನ ಮೈಯಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವೂ ಇದೆ. ಒಳ್ಳೆಯ ಕಾಳು ಆಹಾರ ಸಾಕು. ಮಲಾವಿಯ ಬಂಡೆವಾಸಿಗಳು ಪಾಚಿ ಕೆರೆದು ತಿನ್ನುವ ಜಾತಿ, ಅವಕ್ಕೆ ಸೊಪ್ಪಿನ ಅಂಶ ಹೆಚ್ಚಿರಬೇಕು.

‘ಒಂದು ಹಿಡಿ ಉಪ್ಪು ಎಲ್ಲಕ್ಕೂ ಮದ್ದು.’ ಉಪ್ಪು ಕೆಲವು ಚರ್ಮದ ಪರಾವಲಂಬಿಗಳಿಗೆ ಮತ್ತು ನೈಟ್ರೈಟ್ ವಿಷಕ್ಕೆ ಸ್ವಲ್ಪ ತಡೆಯಾಗುತ್ತದೆ, ಅಷ್ಟು ನಿಜ. ಅಮೋನಿಯಕ್ಕೂ ಜಗಳಕ್ಕೂ ಅದರಿಂದ ಏನೂ ಆಗದು.

ಮರಿ ಮಾಡಿಸುವುದು

ಜೋಡಿಯನ್ನು ನಾವು ಆರಿಸುವುದಲ್ಲ, ಅವೇ ಆರಿಸಿಕೊಳ್ಳಬೇಕು. ಏಂಜೆಲ್ ಮೀನಿನಲ್ಲಿ ಗಂಡು ಹೆಣ್ಣು ಹೊರನೋಟಕ್ಕೆ ತಿಳಿಯುವುದು ಕಷ್ಟ. ಆರು ಮರಿ ತಂದು ಒಟ್ಟಿಗೆ ಬೆಳೆಸಿ. ಎರಡು ಮೀನು ಸೇರಿ ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟತೊಡಗಿದರೆ ಜೋಡಿಯಾಯಿತೆಂದು ಅರ್ಥ. ಆಗ ಉಳಿದ ನಾಲ್ಕನ್ನು ಬೇರೆಡೆಗೆ ಸಾಗಿಸಬೇಕು. ಅಗಲ ಎಲೆ ಅಥವಾ ನೆಟ್ಟಗೆ ನಿಲ್ಲಿಸಿದ ಹಲಗೆ ಕಲ್ಲಿನ ಮೇಲೆ ಮೊಟ್ಟೆ ಇಡುತ್ತವೆ. ಎರಡು ಮೂರು ದಿನಕ್ಕೆ ಒಡೆದು, ಇನ್ನೊಂದು ಐದಾರು ದಿನಕ್ಕೆ ಮರಿಗಳು ಈಜುತ್ತವೆ. ಮೊಟ್ಟೆಯೆಲ್ಲ ಬೆಳ್ಳಗಾದರೆ ಎರಡೂ ಹೆಣ್ಣೇ ಇರಬಹುದು, ಎರಡು ಹೆಣ್ಣುಗಳೂ ಜೋಡಿಯಂತೆ ನಡೆದುಕೊಂಡು ಮೊಟ್ಟೆ ಇಡುವುದುಂಟು. ಮೊದಲ ಒಂದೆರಡು ಸಲ ತಂದೆತಾಯಿಯೇ ಮೊಟ್ಟೆ ತಿಂದುಬಿಡುತ್ತವೆ. ಎಳೆಯ ಜೋಡಿಗಳಲ್ಲಿ ಇದು ಸಾಮಾನ್ಯ, ತಾಳ್ಮೆ ಬೇಕು. ಈಜುವ ಮರಿಗೆ ಆಗಷ್ಟೇ ಒಡೆದ ಆರ್ಟೀಮಿಯ ಸೀಗಡಿ ಮರಿ ಒಳ್ಳೆಯ ಆಹಾರ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಹಾಕುವವರಿದ್ದಾರೆ, ಅದು ನೀರನ್ನು ಬೇಗ ಕೆಡಿಸುತ್ತದೆ.

ಕಪ್ಪು ಬಿಳಿ ಪಟ್ಟೆಯ ಕಾನ್ವಿಕ್ಟ್ ಮೀನಿಗೆ ತಾಳ್ಮೆಯ ಅಗತ್ಯವೇ ಇಲ್ಲ. ಒಂದು ಹೂಕುಂಡ ಸಾಕು, ಬೇಡವೆಂದರೂ ಮರಿ ಮಾಡುತ್ತದೆ. ಇದರಲ್ಲಿ ಹೆಣ್ಣಿಗೆ ಹೊಟ್ಟೆಯ ಬಳಿ ಕಿತ್ತಳೆ ಬಣ್ಣ, ಗಂಡು ಗಾತ್ರದಲ್ಲಿ ದೊಡ್ಡದು. ಮರಿ ಇರುವಾಗ ಈ ಬೆರಳುದ್ದದ ಜೋಡಿ ತಮಗಿಂತ ಎರಡು ಪಟ್ಟು ದೊಡ್ಡ ಮೀನನ್ನೂ ತೊಟ್ಟಿಯ ಒಂದು ಮೂಲೆಗೆ ಅಟ್ಟಿ ನಿಲ್ಲಿಸುತ್ತದೆ. ಇತರ ಮೀನುಗಳ ಜೀವ ಉಳಿಯಬೇಕಾದರೆ ಜೋಡಿಗೆ ಬೇರೆ ತೊಟ್ಟಿ ಕೊಡಿ.

ಮಲಾವಿ ಮೀನುಗಳದು ಇನ್ನೊಂದು ದಾರಿ. ಹೆಣ್ಣು ಮೊಟ್ಟೆಯಿಟ್ಟು ತಕ್ಷಣ ಬಾಯಿಗೆ ತುಂಬಿಕೊಳ್ಳುತ್ತದೆ. ಗಂಡಿನ ಹೊಟ್ಟೆಯಡಿಯ ರೆಕ್ಕೆಯ ಮೇಲೆ ಮೊಟ್ಟೆಯಂಥದೇ ಚುಕ್ಕೆಗಳಿವೆ. ಹೆಣ್ಣು ಅಲ್ಲಿ ಬಾಯಿ ಹಾಕಿದಾಗ ವೀರ್ಯ ಬಾಯಿಗೆ ಸೇರಿ ಮೊಟ್ಟೆ ಫಲಿಸುತ್ತದೆ. ಸುಮಾರು ಮೂರು ವಾರ ಹೆಣ್ಣು ಬಹುತೇಕ ಉಪವಾಸ. ‘ನಮ್ಮ ಮೀನಿಗೆ ಗಂಟಲು ಊದಿದೆ, ಊಟ ಬಿಟ್ಟಿದೆ, ಯಾವ ಔಷಧ?’ ಎಂದು ಕೇಳುವವರ ಮೀನು ಬಾಣಂತಿಯಾಗಿರುವ ಸಾಧ್ಯತೆ ಇದೆ. ಗಾಬರಿಯಿಂದ ಬಲೆ ಹಾಕಿ ಹಿಡಿದರೆ ಅದು ಮೊಟ್ಟೆಯನ್ನೆಲ್ಲ ಉಗುಳಿಬಿಡುತ್ತದೆ. ಗಂಡಿನ ಕಾಟವಿದ್ದರೆ ಮಾತ್ರ, ರಾತ್ರಿ ದೀಪ ಆರಿಸಿ ನಿಧಾನವಾಗಿ ಬೇರೆ ಮಾಡಿ.

ಬೇಡವಾದ ಮೀನನ್ನು ಕೆರೆಗೆ ಬಿಡಬಹುದೇ?

ಬಿಡಬಾರದು. ಜೀವ ಉಳಿಸಿದ ಪುಣ್ಯ ಎಂದು ಅನ್ನಿಸಬಹುದು, ಆದರೆ ಕೆರೆಯಲ್ಲಿ ಮೊದಲೇ ಇರುವ ಜೀವಗಳ ಲೆಕ್ಕ ತಪ್ಪಿಹೋಗುತ್ತದೆ. ಆಫ್ರಿಕಾ ಮೂಲದ ಮೊಸಾಂಬಿಕ್ ತಿಲಾಪಿಯವನ್ನು 1952ರಲ್ಲಿ ಭಾರತಕ್ಕೆ ತಂದದ್ದು ಆಹಾರದ ಆಸೆಯಿಂದ. ಅದು ಸಿಕ್ಕ ಸಿಕ್ಕ ಜಲಾಶಯಗಳಲ್ಲಿ ಹಬ್ಬಿತು. ಇಂದು ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಮತಾನೊ ಸರೋವರದಲ್ಲಿ ಬೇರೆಲ್ಲೂ ಇಲ್ಲದ ಮೀನುಗಳಿವೆ. ಅಲ್ಲಿಗೆ ಸೇರಿಕೊಂಡ ಫ್ಲವರ್‌ಹಾರ್ನ್ ಈಗ ಅವುಗಳಿಗೆ ಕುತ್ತಾಗಿದೆ.

ನಮ್ಮಲ್ಲೂ ಕಳೆದುಕೊಳ್ಳಲು ಬೇಕಾದಷ್ಟಿದೆ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ. ಒಂದು ಕೇರಳ ರಾಜ್ಯದ ಮೀನೆಂದು 2010ರಲ್ಲಿ ಘೋಷಿತವಾದ ಕರಿಮೀನು. ಇನ್ನೊಂದು ಅಂಗೈಗಿಂತ ಚಿಕ್ಕದಾದ ಕಿತ್ತಳೆ ಬಣ್ಣದ ಕ್ರೋಮೈಡ್, ಇದರ ಮರಿಗಳು ತಂದೆತಾಯಿಯ ಮೈಯ ಲೋಳೆಯನ್ನು ಮೆಲ್ಲನೆ ಕೆರೆದು ತಿಂದು ಬೆಳೆಯುತ್ತವೆ. ಮೂರನೆಯದು ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಸೀಮೆಯ ನದಿಗಳಲ್ಲಿ ಇರುವ ಕೆನರಾ ಪರ್ಲ್‌ಸ್ಪಾಟ್. ಅದರ ವೈಜ್ಞಾನಿಕ ಹೆಸರಿನಲ್ಲೇ ಕೆನರಾ ಇದೆ. ಅಳಿವಿನ ಅಂಚಿನ ಪಟ್ಟಿಗೆ ಸೇರಿದ ಈ ಮೀನಿಗೆ ಅಕ್ವೇರಿಯಂ ಮಾರಾಟಕ್ಕಾಗಿ ನದಿಯಿಂದ ಹಿಡಿಯುವುದೂ ಒಂದು ಕುತ್ತು. ಆದ್ದರಿಂದ ಹೊಳೆಯಿಂದ ಹಿಡಿದ ಈ ಮೀನನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಸಾಕಲಾಗದ ಮೀನನ್ನು ಹೆಚ್ಚಿನ ಅಕ್ವೇರಿಯಂ ಅಂಗಡಿಗಳು ಹಣ ಕೊಡದಿದ್ದರೂ ವಾಪಸು ತೆಗೆದುಕೊಳ್ಳುತ್ತವೆ. ನಿಮ್ಮೂರಿನಲ್ಲಿ ಸಾಕುವವರ ಗುಂಪಿದ್ದರೆ ಅಲ್ಲಿಯೂ ಕೇಳಬಹುದು. ಕಾನ್ವಿಕ್ಟ್‌ನಂಥ ಮೀನಿನ ಮರಿಗಳಿಗೆ ಗಿರಾಕಿ ಸಿಗುವುದು ಕಷ್ಟ. ತೆಗೆದುಕೊಳ್ಳುವವರು ಇಲ್ಲವೆಂದು ಗೊತ್ತಿದ್ದರೆ, ಮೊಟ್ಟೆ ಇಟ್ಟ ದಿನವೇ ಆ ಕಲ್ಲನ್ನು ಹೊರತೆಗೆದು ಒಣಗಿಸಿಬಿಡಿ.